ಬಾಯಲ್ಲಿ ಹುಣಸೆ ಚಿಗಳಿ, ಬೆನ್ನ ಮೇಲೆ ನೀರು

ಮೊನ್ನೆ ಯುಗಾದಿ ರಜೆಯಲ್ಲಿ ನನ್ನ ಮಗಳು ಬಾಯಾರಿ ಕುಸಿದು ಬಿದ್ದಳು. ಅವಳ ಬೆನ್ನ ಮೇಲಿನ ಬ್ಯಾಗಿನಲ್ಲಿ ನೀರಿನ ಬಾಟಲಿ ಇತ್ತು. ಕಂಠಮಟ್ಟ ನೀರಿತ್ತು. ಅದರ ಮುಚ್ಚಳವನ್ನು ಅವಳು ತೆಗೆದೇ ಇರಲಿಲ್ಲ.

ಈ ವಾರ ನಾನು ಬರೆಯಬೇಕೆಂದಿದ್ದುದು ಕರ್ಬೂಜ ಹಣ್ಣಿನ ಬಗ್ಗೆ. ರಾಯದುರ್ಗದ ಬಸ್ ಸ್ಟ್ಯಾಂಡ್ ಎದುರು ಬೇಸಿಗೆಗೆ ಬಂದಿಳಿದಿರುವ ಹಣ್ಣಿನ ರಾಶಿಗಳು, ಅವುಗಳ ಪರಿಮಳ, ಚೌಕಾಶಿ ಇತ್ಯಾದಿ. ಅರ್ಧ ಬರೆದೂ ಆಗಿತ್ತು. ಹರಿದು ಹಾಕಿದೆ. ಹಣ್ಣು ಎಲ್ಲಿಗೂ ಓಡಿಹೋಗುವುದಿಲ್ಲ. ಈ ಸಿಟ್ಟು ಆರಿಹೋದರೆ ಮತ್ತೆ ಬರೆಯಲಾಗುವುದಿಲ್ಲ.

ಮೊದಲಿನಿಂದಲೇ ಹೇಳುತ್ತೇನೆ.

ನನ್ನ ಮೈದುನ ವೀರೇಶನನ್ನು ನೀವು ಈ ಅಂಕಣದಲ್ಲಿ ಹಿಂದೆಯೂ ಕಂಡಿದ್ದೀರಿ. ಕಾಣದವರಿಗಾಗಿ ಇಷ್ಟು ಸಾಕು: ಮೊಬೈಲ್‌ನಲ್ಲಿ ಒಂದು ರೀಲ್ ನೋಡಿದರೆ ಮರುದಿನ ಅಲ್ಲಿಗೆ ಹೊರಡುವ ಜಾತಿ. ಈ ಸಲ ಅವನ ಕಣ್ಣಿಗೆ ಬಿದ್ದದ್ದು ನಮ್ಮ ಆಂಧ್ರದ್ದೇ ಒಂದು ದೊಡ್ಡ ಕಮರಿ. ನದಿ ಕೊರೆದ ಕೆಂಪು ಬಂಡೆಗಳ ಕಮರಿ, ಅದರೊಳಗೆ ಇಳಿದು ಹತ್ತುವ ದಾರಿ, ಮೇಲೆ ಟಿಕೆಟ್ ಕೌಂಟರ್, ಪಾರ್ಕು.

"ಅತ್ತಿಗಿ, ಅಮೆರಿಕಾದಾಗ ಐತಲ್ಲ ದೊಡ್ಡ ಕಮರಿ, ಹಂಗ ಐತ್ರಿ ನೋಡಾಕ. ಕಾರಿನ್ಯಾಗ ಬೆಳಿಗ್ಗೆ ಬಿಟ್ರ ಮಧ್ಯಾಹ್ನಕ್ಕ ಕೆಳಗ ಕುಂತು ಬುತ್ತಿ ಬಿಚ್ಚಬೋದು" ಅಂದ.

"ನೀ ಅಮೆರಿಕಾದ್ದು ನೋಡಿ ಬಂದೀ ಏನಪಾ?" ಅಂತ ನಮ್ಮತ್ತೆ ಕೇಳಿದರು.

ಆ ಜಾಗದ ಹೆಸರು ನಾನು ಬರೆಯುವುದಿಲ್ಲ. ಬರೆದರೆ ನೀವೆಲ್ಲ 'ಅಯ್ಯೋ, ಅಲ್ಲಿ ಹಾಗಂತೆ' ಅಂದು, ಆ ಊರಿನವರನ್ನು ಬೈದು, ಪುಟ ತಿರುವಿಬಿಡುತ್ತೀರಿ. ನಿಮ್ಮೂರಿನದು ಅಂತಲೇ ಅಂದುಕೊಂಡು ಓದಿ. ದೊಡ್ಡ ತಪ್ಪೇನೂ ಆಗುವುದಿಲ್ಲ.

ಹೊರಟವರು ಆರು ಜನ. ನಾನು, ನನ್ನ ಗಂಡ ಬಸವರಾಜ, ವೀರೇಶ, ನಮ್ಮತ್ತೆ ಗಂಗಮ್ಮ, ನನ್ನ ನಾದಿನಿ ಪಾರ್ವತಿ, ನನ್ನ ಮಗಳು ನಂದಿನಿ. ಪಾರ್ವತಿ ನಮ್ಮ ಊರಿನ ಒಂದು ಜೀನ್ಸ್ ಯೂನಿಟ್‌ನಲ್ಲಿ ಜಿಪ್ ಹೊಲಿಯುತ್ತಾಳೆ. ನಂದಿನಿಗೆ ಹದಿಮೂರು. ಎಂಟನೇ ಕ್ಲಾಸು. ಬಾಯಿ ಬಿಟ್ಟರೆ ಮುಚ್ಚುವುದಿಲ್ಲ, ನಡೆಯುವುದು ಗೊತ್ತಿಲ್ಲ, ಓಡುವುದಷ್ಟೇ ಗೊತ್ತು. ಇಂಥವಳು ಬೀಳುತ್ತಾಳೆ ಅಂತ ಯಾರು ಎಣಿಸಿದ್ದರು?

ಹಿಂದಿನ ದಿನವೇ ನನ್ನ ಗಂಡ ಮನೆಗೆಲ್ಲ ಒಂದು ಆರ್ಡರ್ ಹೊರಡಿಸಿದ್ದರು. "ಬಿಸಿಲು ಕೆಟ್ಟದೈತಿ. ಒಬ್ಬೊಬ್ರಿಗೂ ಒಂದೊಂದು ಬಾಟ್ಲಿ. ಅವರವರದ್ದು ಅವರವರೇ ಹೊರಬೇಕು. ಕಾರಿನ್ಯಾಗ ಮತ್ತೊಂದು ಕ್ಯಾನ್ ಇರ್ತೈತಿ." ಒಳ್ಳೆಯ ಮನುಷ್ಯ. ನೀರಿನ ವಿಷಯದಲ್ಲಿ ಅವರದು ಒಂದೂ ತಪ್ಪಿಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ.

ಬೆಳಿಗ್ಗೆ ಬುತ್ತಿ ಕಟ್ಟಿದೆವು. ಹಬ್ಬದಲ್ಲಿ ಉಳಿದ ಹೋಳಿಗೆ, ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ, ಚೂರು ಉಪ್ಪು ಬೆಲ್ಲ. ಎಲ್ಲರೂ ಕಾರು ಹತ್ತುವ ಮುಂಚೆ ನಮ್ಮತ್ತೆ ಸೆರಗಿನ ಗಂಟು ಬಿಚ್ಚಿದರು. ಒಳಗೆ ಹುಣಸೆ ಚಿಗಳಿ.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ದೂರದ ಓದುಗರಿಗೆ ಹೇಳುತ್ತೇನೆ. ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಒಂದೆರಡು ಒಣಮೆಣಸಿನಕಾಯಿ ಹಾಕಿ ಒರಳಲ್ಲಿ ಕುಟ್ಟಿ, ಗೋಲಿಯಷ್ಟು ಉಂಡೆ ಕಟ್ಟಿದರೆ ಚಿಗಳಿ. ಮಕ್ಕಳು ಕಡ್ಡಿಗೆ ಚುಚ್ಚಿಕೊಂಡು ಚೀಪುತ್ತಾರೆ. ನಮ್ಮತ್ತೆಯ ಚಿಗಳಿಗೆ ಕಡ್ಡಿ ಇರುವುದಿಲ್ಲ. ಅದು ದವಡೆಯಲ್ಲಿ ಒತ್ತರಿಸಿ ಇಟ್ಟುಕೊಳ್ಳುವಂಥದ್ದು. ಗಂಟೆಗಟ್ಟಲೆ ಕರಗುವುದಿಲ್ಲ.

ನನಗೊಂದು ಕೊಟ್ಟರು. ಪಾರ್ವತಿಗೊಂದು. ಆಮೇಲೆ ನಂದಿನಿಯ ಕೈ ಹಿಡಿದು, "ಈಗ ನೀನೂ ದೊಡ್ಡಾಕಿ ಆದಿ, ತಗ" ಅಂದು ಅವಳಿಗೂ ಒಂದು ಕೊಟ್ಟರು. ಹುಡುಗಿ ಹಿಗ್ಗಿ ಬಾಯಿಗೆ ಹಾಕಿಕೊಂಡಳು.

"ನಮಗ ಇಲ್ಲೇನವ್ವಾ?" ಅಂತ ವೀರೇಶ ಕೈ ಚಾಚಿದ.

"ನಿಮಗ್ಯಾಕ ಬೇಕೋ ಅದು?" ಅಂದರು ಅತ್ತೆ.

ಯಾಕೆ ಬೇಡ ಅಂತ ಅವನು ಕೇಳಲಿಲ್ಲ. ನಾನೂ ಕೇಳಲಿಲ್ಲ. ನನಗೆ ಗೊತ್ತಿತ್ತು. ಮಡಕಶಿರಾ ಕಡೆಯ ನನ್ನ ತವರಿನಲ್ಲೂ ಬಸ್ಸು ಹತ್ತುವ ಹೆಂಗಸರ ಬಾಯಲ್ಲಿ ಹೀಗೆ ಏನಾದರೊಂದು ಇರುತ್ತಿತ್ತು, ನೆಲ್ಲಿಕಾಯಿ ಚೂರೋ, ಹುಣಸೆಯೋ.

ದಾರಿಯಲ್ಲಿ ಕಾರು ನಿಂತಿತು. ಅಣ್ಣ ತಮ್ಮ ಇಳಿದು ಒಂದು ಜಾಲಿ ಪೊದೆಯ ಹಿಂದೆ ಹೋಗಿ ಆರಾಮಾಗಿ ಬಂದರು. ಬಂದವರೇ ಬಾಟಲಿ ಎತ್ತಿ ಗಟಗಟ ನೀರು ಕುಡಿದರು. "ನಿಮಗೇನಾರ ಇಳೀಬೇಕಿತ್ತಾ?" ಅಂತ ನನ್ನ ಗಂಡ ಕೇಳಿದರು. ಹಿಂದಿನಿಂದ ನಾಲ್ಕು ದನಿ ಒಟ್ಟಿಗೆ ಹೊರಟವು. "ಇಲ್ಲ."

ನಾಲ್ಕನೆಯದು ನಂದಿನಿಯದು. ಆಗ ನನಗೆ ಅದು ಕೇಳಿಸಿತು, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಚಟ್ನಿಪುಡಿ ಡಬ್ಬಿ ಮಗುಚಿತ್ತು, ಅದನ್ನು ನೋಡುತ್ತಿದ್ದೆ.

ಜಾಗ ಚೆನ್ನಾಗಿದೆ. ಸುಳ್ಳು ಹೇಳಬಾರದು. ಅಂಚಿಗೆ ಹೋಗಿ ನಿಂತರೆ ಎದೆ ಝಲ್ಲೆನ್ನುತ್ತದೆ. ಬಂಡೆಗಳನ್ನು ಯಾರೋ ಕೂತು ಒಂದರ ಮೇಲೊಂದು ಪೇರಿಸಿಟ್ಟ ಹಾಗಿದೆ. ತಳದಲ್ಲಿ ಹಸಿರು ನೀರಿನ ಮಡು. ನಮ್ಮತ್ತೆ ಕೈಮುಗಿದರು. ಕಣ್ಣಿಗೆ ತಂಪಾದದ್ದು ಯಾವುದೇ ಕಂಡರೂ ಅವರು ಕೈಮುಗಿಯುತ್ತಾರೆ.

ಪಾರ್ಕಿನವರೂ ಸುಮ್ಮನೆ ಕೂತಿಲ್ಲ. ಹೃದಯದ ಆಕಾರದ ಸೆಲ್ಫಿ ಫ್ರೇಮ್ ಇದೆ. ರೆಕ್ಕೆ ಬಿಡಿಸಿಟ್ಟ ಗೋಡೆ ಇದೆ, ನಡುವೆ ನಿಂತು ನೀವು ದೇವತೆಯಾಗಬಹುದು. ಸಿಮೆಂಟಿನ ಡೈನೋಸಾರ್ ಇದೆ (ಯಾಕೆ ಅಂತ ನನ್ನನ್ನು ಕೇಳಬೇಡಿ). ಟಿಕೆಟ್ ಕೌಂಟರಿನ ಪಕ್ಕದ ಬೋರ್ಡಿನಲ್ಲಿ ಸಕಲ ಸೌಲಭ್ಯಗಳ ಚಿತ್ರಗಳು. ಅದರಲ್ಲಿ ಪ್ಯಾಂಟು ಹಾಕಿದ ಗೊಂಬೆ, ಲಂಗ ಹಾಕಿದ ಗೊಂಬೆ. ಬಾಣದ ಗುರುತು ತೋರಿಸಿದ ಕಡೆ ನಾನು ಒಮ್ಮೆ ಕಣ್ಣು ಹಾಯಿಸಿದೆ. ಗಂಡಸರ ಕಡೆ ಬೀಗ ಇರಲಿಲ್ಲ, ಬಾಗಿಲೇ ಇರಲಿಲ್ಲ. ಹೆಂಗಸರ ಕಡೆ ಬಾಗಿಲೂ ಇತ್ತು, ಅದಕ್ಕೊಂದು ಬೀಗವೂ ಇತ್ತು. ಸರಿ ಅಂದುಕೊಂಡು ಚಿಗಳಿಯನ್ನು ಇನ್ನೊಂದು ದವಡೆಗೆ ಸರಿಸಿದೆ.

ಕೆಳಗೆ ಇಳಿಯುವುದು ಸಲೀಸಾಗಿತ್ತು. ನಂದಿನಿ ಮೇಕೆಮರಿಯಂತೆ ಬಂಡೆಯಿಂದ ಬಂಡೆಗೆ ಜಿಗಿಯುತ್ತ ಮುಂದೆ ಹೋದಳು. ಅವಳ ಚಿಕ್ಕಪ್ಪ ವೀರೇಶ ವಿಡಿಯೋ ಮಾಡುತ್ತ ಹಿಂದೆ. ನನ್ನ ಗಂಡ ಗಳಿಗೆಗೊಮ್ಮೆ "ನೀರು ಕುಡೀರಿ, ನೀರು ಕುಡೀರಿ" ಅಂತ ಕೂಗುತ್ತಿದ್ದರು. ನಾವು ಬಾಟಲಿ ಎತ್ತಿ ತೋರಿಸುತ್ತಿದ್ದೆವು. ಅವರು ಸಮಾಧಾನವಾಗಿ ತಮ್ಮದನ್ನು ಕುಡಿಯುತ್ತಿದ್ದರು.

ಅರ್ಧ ದಾರಿಯಲ್ಲಿ ತಲೆಯ ಮೇಲೆ ಜೇನುಹುಳದ ಹಿಂಡಿನಂಥ ಸದ್ದು. ಅತ್ತೆ ಸೆರಗು ತಲೆಗೆ ಹೊದ್ದು ಕೂತುಬಿಟ್ಟರು.

"ಅದು ಜೇನಲ್ಲಬೇ, ಡ್ರೋನು" ಅಂದ ವೀರೇಶ. "ಅದಕ್ಕ ಕ್ಯಾಮೆರಾ ಇರ್ತೈತಿ. ಆ ಹುಡುಗ್ರು ಮ್ಯಾಲೆ ನಿಂತು ಕೆಳಗಿಂದೆಲ್ಲಾ ಶೂಟ್ ಮಾಡ್ತಾರ."

ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪಾರ್ವತಿಗೆ ಮಾತ್ರ ಕೇಳುವಂತೆ, "ಹಂಗಾರ ಬಂಡೆ ಮರೆನೂ ಹೋತಲ್ಲೇ" ಅಂದರು. ಅವಳು ಕಿಸಕ್ಕೆಂದು ನಕ್ಕಳು. ನನಗೂ ಕೇಳಿಸಿತು, ನಾನೂ ನಕ್ಕೆ. ಎಂಥ ಹುಚ್ಚಿ ನಾನು, ನಗುವಂಥ ಮಾತಾ ಅದು?

ತಳದಲ್ಲಿ ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ ಮುರಿದೆವು, ಚಟ್ನಿಪುಡಿ ಕಲಸಿದೆವು. ಆ ಖಾರಕ್ಕೂ ನಾವು ಹೆಂಗಸರು ಬಾಯಿ ಒದ್ದೆ ಮಾಡಿಕೊಳ್ಳುವಷ್ಟೂ ಕುಡಿಯಲಿಲ್ಲ. ಹೋಳಿಗೆ ತಿಂದು, ಮತ್ತೊಂದು ಚಿಗಳಿ.

ಹತ್ತುವಾಗ ಬಿಸಿಲು ನೆತ್ತಿ ಸೀಳುತ್ತಿತ್ತು. ಬಂಡೆ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ನಂದಿನಿ ಈಗ ಜಿಗಿಯುತ್ತಿರಲಿಲ್ಲ. ನನ್ನ ಹಿಂದೆ ಬರುತ್ತಿದ್ದಳು. ಮಾತು ನಿಂತಿತ್ತು. ನಮ್ಮ ಹುಡುಗಿ ಮಾತು ನಿಲ್ಲಿಸಿದಾಳೆ ಅಂದರೆ ಏನೋ ಆಗಿದೆ ಅಂತ ನನಗೆ ಹೊಳೆಯಬೇಕಿತ್ತು. ತಿರುಗಿ ನೋಡುವಷ್ಟರಲ್ಲಿ ಅವಳು ಒಂದು ಬಂಡೆಗೆ ಒರಗಿ, ಹಾಗೇ ಜಾರಿ, ಕೂತು, ಪಕ್ಕಕ್ಕೆ ವಾಲಿದಳು.

"ಅಯ್ಯೋ ನಮ್ಮವ್ವಾ! ಮಾರಿ ನೋಡ್ರಿ, ಬಿಳಿಚಿ ಹೋಗೇತಿ!" ಅಂತ ಅತ್ತೆ ಕೂಗಿದರು.

ಪಾರ್ವತಿ ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ವೀರೇಶ ತನ್ನ ಶರ್ಟು ಬಿಚ್ಚಿ ನೆರಳು ಹಿಡಿದ. ಮಗಳ ತುಟಿ ಸುಣ್ಣ ಹಚ್ಚಿದಂತೆ ಬೆಳ್ಳಗಾಗಿತ್ತು. ಕಣ್ಣು ಅರೆ ತೆರೆದಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಸುತ್ತ ಬೆಂದ ಕಲ್ಲು, ಮೇಲೆ ಹತ್ತಲು ಇನ್ನೂ ಅಷ್ಟು ದಾರಿ, ಫೋನಿಗೆ ಸಿಗ್ನಲ್ ಇಲ್ಲ. ಇವಳಿಗೇನಾದರೂ ಆದರೆ ಇಲ್ಲಿಂದ ಹೊತ್ತು ಒಯ್ಯುವವರು ಯಾರು, ಒಯ್ಯುವುದು ಎಲ್ಲಿಗೆ? ಆ ಗಳಿಗೆ ನನ್ನ ವೈರಿಗೂ ಬೇಡ.

ನನ್ನ ಗಂಡ ಅವಳ ಬ್ಯಾಗಿಗೆ ಕೈ ಹಾಕಿ ಬಾಟಲಿ ಎಳೆದರು. ಅದರ ಭಾರಕ್ಕೆ ಅವರ ಕೈ ಒಮ್ಮೆ ನಿಂತಿತು. ಮುಚ್ಚಳದ ಸೀಲು ಕಟಕ್ಕೆಂದು ಮುರಿಯಿತು. ಮುಖಕ್ಕೆ ಚಿಮುಕಿಸಿ, ಸೆರಗು ಒದ್ದೆ ಮಾಡಿ ಕತ್ತಿಗೆ ಸುತ್ತಿ, ತುಟಿಗೆ ಹನಿ ಹನಿ ಹಾಕಿದೆವು. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ನನ್ನ ಕಡೆ ಹೊರಳಿತು. "ಅಮ್ಮಾ" ಅಂದಳು. ನನ್ನ ಜೀವ ವಾಪಸ್ ಬಂತು.

ಜೀವ ಬಂದ ಕೂಡಲೇ ಏನು ಮಾಡುತ್ತೇವೆ ನಾವು? ಬೈಯುತ್ತೇವೆ.

"ತುಂಬಿದ ಬಾಟ್ಲಿ ಇಟ್ಕೊಂಡು ಯಾಕ ಕುಡೀಲಿಲ್ಲ? ಬೆಳಗಿಂದ ಬಡಕೊಳ್ಳಾಕತ್ತೀನಿ, ನೀರು ಕುಡೀರಿ, ನೀರು ಕುಡೀರಿ ಅಂತ! ಯಾಕ ಕುಡೀಲಿಲ್ಲ ನೀನು?" ಅಂತ ಅವರಪ್ಪ ಕೂಗಾಡಿದರು. ಹೆದರಿದ್ದರು, ಅದಕ್ಕೇ ಅಷ್ಟು ಜೋರು.

ನಂದಿನಿ ಪಿಸುದನಿಯಲ್ಲಿ ಹೇಳಿದಳು. "ಕುಡದ್ರ ಎಲ್ಲಿ ಹೋಗ್ಲಿ ಅಪ್ಪಾ?"

ಅವರಿಗೆ ಅರ್ಥವಾಗಲಿಲ್ಲ. "ಎಲ್ಲಿ ಹೋಗ್ಲಿ ಅಂದ್ರ?"

ಪಾರ್ವತಿ ಮುಖ ತಿರುಗಿಸಿದಳು. ಅತ್ತೆ ಸೆರಗು ಸರಿ ಮಾಡಿಕೊಂಡರು. ಆಗ ನನ್ನ ಗಂಡ ಮೊದಲ ಸಲ ನನ್ನ ಕೈಯಲ್ಲಿದ್ದ ಬಾಟಲಿಯನ್ನು ನೋಡಿದರು. ತೆಗೆದುಕೊಂಡು ಬಿಸಿಲಿಗೆ ಹಿಡಿದರು. ತುಂಬಿತ್ತು. ಪಾರ್ವತಿಯದನ್ನು ತೆಗೆದುಕೊಂಡರು. ತುಂಬಿತ್ತು. ತಮ್ಮ ತಾಯಿಯದು ಬೆರಳಷ್ಟು ಇಳಿದಿತ್ತು. ಊಟವಾದ ಮೇಲೆ ಅವರು ಕೈ ತೊಳೆದುಕೊಂಡಿದ್ದರು.

"ನೀವೂ?" ಅಂದರು.

"ಹೂಂ" ಅಂದೆ.

"ಯಾಕ ಹೇಳ್ಲಿಲ್ಲ?"

ಏನಂತ ಹೇಳಬೇಕಿತ್ತು? ಊಟಕ್ಕೆ ಉಪ್ಪು ಹಾಕುತ್ತೇವೆ ಅಂತ ಯಾರಾದರೂ ಮನೆಯಲ್ಲಿ ಪ್ರಕಟಣೆ ಹೊರಡಿಸುತ್ತಾರಾ? ಹೊರಗೆ ಹೊರಟ ದಿನ ನೀರು ಕುಡಿಯುವುದಿಲ್ಲ, ಅಷ್ಟೆ. ಮದುವೆಗೆ ಹೋಗುವ ದಿನ, ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಹೋಗುವ ದಿನ, ಬಳ್ಳಾರಿಗೆ ಬಸ್ಸಿನಲ್ಲಿ ಹೋಗುವ ದಿನ. ತಿಂಗಳ ಆ ದಿನಗಳಲ್ಲಂತೂ ಕೇಳಲೇಬೇಡಿ. ಇದನ್ನು ನಾವು ಕಷ್ಟ ಅಂತ ಕೂಡ ಲೆಕ್ಕಕ್ಕೆ ಹಿಡಿದಿಲ್ಲ.

"ಗಂಡಸ್ರಿಗೆ ಕೇಳೋದು ಸಲೀಸು ಬಿಡು, ಅಣ್ಣ" ಅಂದಳು ಪಾರ್ವತಿ. ಬಂಡೆಯಂಥ ಹುಡುಗಿ, ಮನೆಯಲ್ಲಿ ದನಿ ಎತ್ತಿದವಳಲ್ಲ. ಅವತ್ತು ಎತ್ತಿದಳು. "ನಮ್ಮ ಯೂನಿಟ್ಟಿನ್ಯಾಗ ನಾ ಒಬ್ಬಾಕಿ ಎದ್ದರ ನನ್ನ ಹಿಂದಿನ ಲೈನೆಲ್ಲ ನಿಲ್ತೈತಿ. ಸೂಪರ್‌ವೈಸರ್ ಏನೂ ಅನ್ನಂಗಿಲ್ಲ, ಗಡಿಯಾರ ನೋಡ್ತಾನ. ಅಷ್ಟ ಸಾಕು. ಅದಕ್ಕ ನೀರಡಿಕಿ ಆಗಬಾರ್ದಂತ ಎಲ್ಲಾರ ಬಾಯಾಗೂ ಚಿಗಳಿ. ಹ್ವಾದ ವರ್ಷ ಉರಿಮೂತ್ರ ಆಗಿ ದವಾಖಾನಿಗೆ ಹೋಗಿದ್ನಲ್ಲ, ಡಾಕ್ಟ್ರು ನೀರು ಜಾಸ್ತಿ ಕುಡೀಬೇಕಮ್ಮಾ ಅಂದ್ರು. ಆತ್ರಿ ಅಂದೆ. ಕುಡದು ಎಲ್ಲಿ ಹೋಗಬೇಕು ಅಂತ ಚೀಟಿನ್ಯಾಗ ಅವರು ಬರೀಲಿಲ್ಲ."

ನಾನು ಕೆಲಸ ಮಾಡುವ ಬ್ಯಾಂಕಿನ ಕಥೆಯೂ ಅದೇ. ಎಸಿ ಇದೆ, ಕಂಪ್ಯೂಟರ್ ಇದೆ, ತಣ್ಣನೆಯ ನೀರಿನ ಮೆಷಿನ್ ಇದೆ. ನಾನು ಅದರ ನೀರನ್ನು ಸಂಜೆ ಹೊರಡುವಾಗ ಕುಡಿಯುತ್ತೇನೆ. ಮನೆ ಹತ್ತು ನಿಮಿಷದ ದಾರಿ ಅಂತ.

ಆದರೆ ನನಗೆ ಸಿಟ್ಟು ಬಂದದ್ದು ನನಗಾಗಿ ಅಲ್ಲ, ಪಾರ್ವತಿಗಾಗಿಯೂ ಅಲ್ಲ. ನಂದಿನಿಗೆ ಇದನ್ನು ಯಾರು ಹೇಳಿಕೊಟ್ಟರು? ನಾನಂತೂ ಹೇಳಿಲ್ಲ. ಅತ್ತೆ ಹೇಳಿಲ್ಲ. ಯಾರೂ ಕೂರಿಸಿಕೊಂಡು 'ಮಗಳೇ, ಬಾಯಾರಿದಾಗ ನೀರು ಕುಡಿಯಬೇಡ' ಅಂದಿಲ್ಲ. ಚಿಗಳಿ ಕೊಟ್ಟೆವು, ಅಷ್ಟೆ. ನಮ್ಮನ್ನು ನೋಡಿದಳು, ಕಲಿತಳು. ಮಗ್ಗಿ ಕಲಿಯಲು ಈ ಹುಡುಗಿ ಮನೆಯನ್ನೇ ತಲೆ ಮೇಲೆ ಹೊತ್ತುಕೊಂಡಿದ್ದಳು. ಇದನ್ನು ಮಾತ್ರ ಒಂದೇ ಸಲಕ್ಕೆ ಕಲಿತು ಪಾಸಾಗಿಬಿಟ್ಟಳಲ್ಲ!

ಅತ್ತೆ ಸೆರಗಿನಲ್ಲಿ ಉಳಿದಿದ್ದ ಚಿಗಳಿಗಳನ್ನು ತೆಗೆದು ನೋಡಿದರು. "ನಮ್ಮವ್ವ ನನಗ ಮದವಿಯಾಗಿ ಹೋಗಾಗ ಕಟ್ಟಿ ಕೊಟ್ಟಿದ್ಲು" ಅಂದರು. "ನಾ ಇದನ್ನ ಪ್ರೀತಿ ಅಂತ ತಿಳಕೊಂಡಿದ್ದೆ." ಕಮರಿಯೊಳಕ್ಕೆ ಬೀಸಿ ಎಸೆದುಬಿಟ್ಟರು.

ಈಗ ಕಥೆಯ ಎರಡನೇ ಅರ್ಧಕ್ಕೆ ಬನ್ನಿ. ಉಪ್ಪು ಬೆಲ್ಲ ಕದಡಿದ ನೀರನ್ನು ನಂದಿನಿ ಗುಟುಕು ಗುಟುಕಾಗಿ ಕುಡಿದಳು. ಅವಳ ಬಾಟಲಿ ಮುಗಿದ ಮೇಲೆ ಪಾರ್ವತಿಯದರಲ್ಲೂ ಕುಡಿದಳು. ಮುಖಕ್ಕೆ ಬಣ್ಣ ಬಂತು. ವೀರೇಶ ಅವಳನ್ನು ಅರ್ಧ ದಾರಿ ಬೆನ್ನ ಮೇಲೆ ಹೊತ್ತ, ಉಳಿದರ್ಧ ಅವಳೇ ನಡೆದಳು. ಮೇಲೆ ಬಂದು ಹುಣಸೆಮರದ ನೆರಳಲ್ಲಿ ಕೂತೆವು. ಎಲ್ಲರೂ ಉಸಿರು ಬಿಟ್ಟೆವು.

ಸ್ವಲ್ಪ ಹೊತ್ತಿಗೆ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು. "ಅಮ್ಮಾ..."

ಕುಡಿಸಿದ್ದಾಯಿತು. ಇನ್ನು?

ಬಾಣದ ಗುರುತಿನ ಕಡೆ ಹೋದೆವು. ಬೀಗ ಬೆಳಿಗ್ಗೆ ಇದ್ದಲ್ಲೇ ಇತ್ತು. ಟಿಕೆಟ್ ಕೌಂಟರಿನವನನ್ನು ಪಾರ್ವತಿ ಕೇಳಿದಳು. ನಡುವಯಸ್ಸಿನ ಮನುಷ್ಯ, ಕುರ್ಚಿಯಲ್ಲಿ ಕಾಲು ಮೇಲಿಟ್ಟು ಕೂತಿದ್ದ.

"ತಾಳಂ ಚೆವಿ ನಾ ದಗ್ಗರ ಲೇದಮ್ಮಾ" ಅಂದ. ಬೀಗದ ಕೈ ಅವನ ಹತ್ತಿರ ಇಲ್ಲ. ಕಾಂಟ್ರಾಕ್ಟರ್ ಹತ್ತಿರ ಇದೆ. ಕಾಂಟ್ರಾಕ್ಟರ್ ಹಬ್ಬಕ್ಕೆ ಊರಿಗೆ ಹೋಗಿದ್ದಾನೆ.

"ಹುಡುಗಿಗೆ ಮೈಯಲ್ಲಿ ಹುಷಾರಿಲ್ಲ, ಈಗಷ್ಟೇ ಬಿದ್ದು ಎದ್ದಿದಾಳೆ" ಅಂತ ನಾನು ತೆಲುಗಿನಲ್ಲೇ ಹೇಳಿದೆ.

ಅವನು ಕೈ ಚೆಲ್ಲಿದ. ಒರಟಾಗಿ ಏನೂ ಮಾತಾಡಲಿಲ್ಲ. ನಿಜವಾಗಿ ಆಶ್ಚರ್ಯಪಟ್ಟಂತೆ ಹೇಳಿದ. ಇಷ್ಟು ದಿನ ಯಾರೂ ಕೇಳಿಲ್ಲವಂತೆ. ಎಷ್ಟೋ ಫ್ಯಾಮಿಲಿಗಳು ಬರುತ್ತವಂತೆ. ಒಬ್ಬ ಹೆಂಗಸೂ ಬೀಗದ ಕೈ ಕೇಳಿಲ್ಲವಂತೆ. ಅಂದಮೇಲೆ ಯಾರಿಗೂ ಅದರ ಅವಶ್ಯಕತೆ ಇಲ್ಲ ಅಂತ ತಾನೆ?

ನೋಡಿದಿರಾ ತರ್ಕ! ನಾವು ಕುಡಿಯುವುದಿಲ್ಲ, ಹಾಗಾಗಿ ಕೇಳುವುದಿಲ್ಲ. ಕೇಳುವುದಿಲ್ಲ, ಹಾಗಾಗಿ ತೆರೆಯುವುದಿಲ್ಲ. ತೆರೆಯುವುದಿಲ್ಲ, ಹಾಗಾಗಿ ಕುಡಿಯುವುದಿಲ್ಲ. ಗಾಣದ ಎತ್ತಾದರೂ ಕೊನೆಗೆ ಒಂದಿಷ್ಟು ಎಣ್ಣೆ ತೆಗೆಯುತ್ತದೆ.

ನಾನು ವಾದಕ್ಕೆ ಇಳಿದೆ. ವಾದ ನನಗೆ ಚೆನ್ನಾಗಿ ಬರುತ್ತದೆ. ಬೋರ್ಡು ತೋರಿಸಿದೆ, ಲಂಗದ ಗೊಂಬೆ ತೋರಿಸಿದೆ, ಹಕ್ಕು ಅಂದೆ, ಕಂಪ್ಲೇಂಟ್ ಅಂದೆ, ಪೇಪರ್ ಅಂದೆ. ನಂದಿನಿ ಕಾಲು ಹೆಣೆದುಕೊಂಡು, ತುಟಿ ಕಚ್ಚಿಕೊಂಡು, ನಾಚಿಕೆಯಿಂದ ಕೆಂಪಾಗಿ ನಿಂತಿದ್ದಳು. "ಬ್ಯಾಡ ಬಿಡಮ್ಮಾ, ತಡಕೋತೀನಿ" ಅಂದಳು.

ಆ ಮಾತಿಗೇ ಇರಬೇಕು. ಹಿಂದೆ ಧಡ್ ಅಂತ ಸದ್ದಾಯಿತು.

ತಿರುಗಿ ನೋಡಿದರೆ ನಮ್ಮತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ. ಎರಡೂ ಕೈಯಲ್ಲಿ ಒಂದು ಕಲ್ಲು. ಆ ಜಾಗದಲ್ಲಿ ಕಲ್ಲಿಗೇನು ಬರ? ಬೀಗ ಗಟ್ಟಿಯಿತ್ತು. ಚಿಲಕ ಅಷ್ಟು ಗಟ್ಟಿಯಿರಲಿಲ್ಲ. ಇನ್ನೆರಡು ಏಟಿಗೆ ಸ್ಕ್ರೂ ಸಮೇತ ಕಿತ್ತು ಕೆಳಗೆ ಬಿತ್ತು.

(ಸಂಬಂಧಪಟ್ಟವರು ಓದುತ್ತಿದ್ದರೆ: ಒಡೆದದ್ದು ನಮ್ಮತ್ತೆ, ಬರೆದದ್ದು ನಾನು. ಕೇಸು ಹಾಕುವುದಾದರೆ ಇಬ್ಬರ ಮೇಲೂ ಹಾಕಿ. ಒಬ್ಬರನ್ನು ಬಿಟ್ಟರೆ ಅವರಿಗೆ ಬೇಜಾರಾಗುತ್ತದೆ.)

ಒಳಗೆ ಏನಿತ್ತು ಗೊತ್ತಾ? ಪ್ಲಾಸ್ಟಿಕ್ ಕುರ್ಚಿಗಳು, ಒಂದರೊಳಗೊಂದು. ಸುಣ್ಣದ ಡಬ್ಬ. ಸಿಮೆಂಟಿನ ಚೀಲ. ಸುತ್ತಿಟ್ಟ ಫ್ಲೆಕ್ಸ್. ಅದನ್ನು ಎಳೆದು ಹೊರಗೆ ಹಾಕುವಾಗ ಅರ್ಧ ಬಿಚ್ಚಿಕೊಂಡಿತು. ಕೈಮುಗಿದು ನಗುವ ದೊಡ್ಡ ದೊಡ್ಡ ಮುಖಗಳು, ಕೆಳಗೆ ಆ ಶೌಚಾಲಯದ ಉದ್ಘಾಟನೆಯ ಶುಭಾಶಯ! ಅಂದರೆ ಉದ್ಘಾಟನೆಯಾಗಿದೆ. ರಿಬ್ಬನ್ ಕತ್ತರಿಸಿದ್ದಾರೆ, ಚಪ್ಪಾಳೆ ತಟ್ಟಿದ್ದಾರೆ, ಉಪ್ಪಿಟ್ಟು ತಿಂದಿದ್ದಾರೆ. ಹೋಗುವಾಗ ಬೀಗ ಹಾಕಿಕೊಂಡು ಹೋಗಿದ್ದಾರೆ.

ನಲ್ಲಿ ತಿರುಗಿಸಿದೆ. ಗಾಳಿ ಬಂತು. ಕಡೆಗೆ ನನ್ನ ಮತ್ತು ಅತ್ತೆಯ ಬಾಟಲಿಗಳ ನೀರೇ ಅಲ್ಲಿ ಕೆಲಸಕ್ಕೆ ಬಂತು. ನಂದಿನಿ ಹೊರಗೆ ಬಂದಾಗ ಅವಳ ಮುಖ ನೋಡಬೇಕಿತ್ತು ನೀವು. ಪರೀಕ್ಷೆ ಮುಗಿದ ದಿನ ಕೂಡ ಅವಳು ಹಾಗೆ ನಕ್ಕಿಲ್ಲ.

ಕೌಂಟರಿನವನು ಓಡಿಬಂದಿದ್ದ. ಗವರ್ನಮೆಂಟ್ ಪ್ರಾಪರ್ಟಿ ಅಂದ, ಪೊಲೀಸ್ ಅಂದ. ನನ್ನ ಗಂಡ ಮುಂದೆ ಬಂದರು. ಜಗಳ ಅಂದರೆ ಮಾರು ದೂರ ಓಡುವ ಜೀವ ಅದು. ಕೈಮುಗಿದು, ಕ್ಷಮೆ ಕೇಳಿ, ರಾಜಿ ಮಾಡಿಕೊಂಡು ಬಿಡುತ್ತಾರೆ ಅಂದುಕೊಂಡೆ.

ಅವರು ಬಾಗಿಲಿಗೆ ಬೆನ್ನು ಮಾಡಿ ನಿಂತು, "ನನ್ನ ಹೆಸರು ಬರಕೊಳ್ರಿ. ಬಸವರಾಜ, ರಾಯದುರ್ಗ. ಪೊಲೀಸ್ರು ಬರೂ ತನಕ ನಾ ಇಲ್ಲೇ ನಿಂತಿರ್ತೀನಿ. ಒಳಗ ಹೆಣ್ಣುಮಕ್ಕಳು ಅದಾರ, ನೀವು ಸ್ವಲ್ಪ ಆ ಕಡಿ ನಿಲ್ರಿ" ಅಂದರು.

ಒಳಗೆ ಪಾರ್ವತಿ ಇದ್ದಳು. ಅವಳ ನಂತರ ನಾನು. ನಾನು ಹೊರಗೆ ಬಂದಾಗ ಬಾಗಿಲ ಮುಂದೆ ಒಬ್ಬ ಅಪರಿಚಿತ ಹೆಂಗಸು ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಅವಳ ಹಿಂದೆ ಕಾಲೇಜು ಹುಡುಗಿಯರು. ಅವರ ಹಿಂದೆ ಬುರ್ಖಾ ಹಾಕಿದ ತಾಯಿ ಮಗಳು. ರೆಕ್ಕೆಯ ಗೋಡೆಯ ಮುಂದೆ ದೇವತೆಯಾಗಿ ನಿಂತಿದ್ದವಳೂ ಬಂದು ಸೇರಿಕೊಂಡಳು. ಯಾರೂ ಯಾರನ್ನೂ ಕರೆದಿರಲಿಲ್ಲ. ಸಾಲು ಡೈನೋಸಾರ್‌ನ ಬಾಲದವರೆಗೆ ಬೆಳೆಯಿತು. ಪ್ರತಿಯೊಬ್ಬಳ ಕೈಯಲ್ಲೂ ತುಂಬಿದ ನೀರಿನ ಬಾಟಲಿ.

ಕೌಂಟರಿನವನು ಆ ಸಾಲನ್ನು ನೋಡುತ್ತ ನಿಂತ. ಪೊಲೀಸರಿಗೆ ಫೋನ್ ಮಾಡಲಿಲ್ಲ. ಆಮೇಲೆ ಹೋಗಿ ಒಂದು ಬಕೆಟ್ ತಂದಿಟ್ಟ. ಕುರ್ಚಿಗಳನ್ನು ಎತ್ತಿಕೊಂಡು ಹೋದ.

ಯಾರಿಗೂ ಬೇಕಾಗಿರಲಿಲ್ಲವಂತೆ!

ವಾಪಸ್ ಬರುವಾಗ ಕಾರಿನಲ್ಲಿ ಎಲ್ಲರೂ ನೀರು ಕುಡಿದೆವು. ಒಂದೆರಡು ಕಡೆ ಗಾಡಿ ನಿಲ್ಲಿಸಿದೆವು. ಇಳಿದಾಗ ನನ್ನ ಗಂಡ ಹೊದಿಕೆ ಹಿಡಿದು ರಸ್ತೆಗೆ ಮುಖ ಮಾಡಿ ನಿಂತರು. ವೀರೇಶ ಆ ದಿನದ ರೀಲ್ ಹಾಕಲಿಲ್ಲ. ಡಿಲೀಟ್ ಮಾಡಿದೆ ಅಂದ. ಅಷ್ಟಕ್ಕೇ ಎಲ್ಲ ಸರಿಹೋಯಿತು, ಹುಡುಗಿಗೆ ಆ ಚಿಗಳಿಯ ಪಾಠ ಮರೆತುಹೋಯಿತು ಅಂತ ನಾನು ನಂಬಿದೆ. ನಂಬಿ ನೆಮ್ಮದಿಯಾಗಿ ಮಲಗಿದೆ.

ರಜೆ ಮುಗಿದು ಸ್ಕೂಲು ಶುರುವಾಯಿತು. ಈಗ ಒಂದೇ ಹೊತ್ತಿನ ಸ್ಕೂಲು, ಬೆಳಿಗ್ಗೆ ಬೇಗ ಹೊರಡಬೇಕು. ಅಡುಗೆಮನೆಯಲ್ಲಿ ನಾನು ಅವಳ ಬಾಟಲಿಗೆ ನೀರು ತುಂಬುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದರು.

"ಅರ್ಧ ಸಾಕಮ್ಮಾ" ಅಂದಳು ನಂದಿನಿ, ಜಡೆಗೆ ರಿಬ್ಬನ್ ಕಟ್ಟಿಕೊಳ್ಳುತ್ತ.

"ಮತ್ತೆ ಶುರು ಮಾಡಿದ್ಯಾ? ಮೊನ್ನೆ ಆಗಿದ್ದು ಮರ್ತೋಯ್ತಾ?" ಅಂದೆ. ಸಿಟ್ಟು ಬಂದರೆ ನನಗೆ ಮಡಕಶಿರಾದ ಮಾತೇ ಬರುವುದು.

"ಇಲ್ಲಮ್ಮಾ. ನಮ್ಮ ಸ್ಕೂಲಿನ್ಯಾಗ ಗರ್ಲ್ಸ್ ಟಾಯ್ಲೆಟ್ ಬೀಗದ ಕೈ ಆಫೀಸ್ ರೂಮಿನ್ಯಾಗ ಸರ್ ಹತ್ರ ಇರ್ತೈತಿ. ಹೋಗಿ ಕೇಳಬೇಕು. ಎಲ್ಲಾ ಹುಡುಗ್ರೂ ನೋಡ್ತಿರ್ತಾರ. ಅದಕ್ಕ ನಾವ್ಯಾರೂ ಕೇಳಂಗಿಲ್ಲ" ಅಂದಳು. ಟೈಮ್ ಟೇಬಲ್ ಹೇಳುವಷ್ಟು ಸಹಜವಾಗಿ ಹೇಳಿದಳು. ದುಃಖವಿಲ್ಲ, ದೂರಿಲ್ಲ.

ನಾನು ಸಿಂಕಿನ ಮುಂದೆ ಹಾಗೇ ನಿಂತೆ. ನೀರು ಬಾಟಲಿ ತುಂಬಿ ಹೊರಗೆ ಹರಿಯುತ್ತಿತ್ತು.

ಅತ್ತೆ ಜರಡಿ ಕೆಳಗಿಟ್ಟು ಎದ್ದರು. ಕೈಯ ಹಿಟ್ಟು ಕೊಡವಿದರು. ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿ, ಮೊಮ್ಮಗಳನ್ನು ಕೇಳಿದ್ದು ಒಂದೇ ಮಾತು.

"ನಿಮ್ಮ ಆ ಸರ್ ಎಷ್ಟೊತ್ತಿಗೆ ಬರ್ತಾರವ್ವಾ?"